ಬದು ಒತ್ತಿದಾಗ, ಬಾಡಿಗೆದಾರ ಬಿಡದಾಗ: ಸ್ವಾಧೀನ ಉಳಿಸಿಕೊಳ್ಳುವ ಕ್ರಮ

ಪಕ್ಕದ ಜಮೀನಿನವರು ಬದು ಕಡಿದು ಎರಡು ಸಾಲು ಒಳಗೆ ಉತ್ತಿದ್ದಾರೆ. ಅಥವಾ ಕರಾರು ಮುಗಿದು ತಿಂಗಳುಗಳಾದರೂ ಬಾಡಿಗೆದಾರರು ಮನೆ ಖಾಲಿ ಮಾಡಿಲ್ಲ. ಅಥವಾ ನೀವೇ ಬಾಡಿಗೆಗಿದ್ದೀರಿ, ಸಂಜೆ ಕೆಲಸ ಮುಗಿಸಿ ಬಂದರೆ ಬಾಗಿಲಿಗೆ ಬೇರೆ ಬೀಗ ಬಿದ್ದಿದೆ. ಮೂರೂ ಬೇರೆ ಬೇರೆ ಜಗಳ ಅನ್ನಿಸುತ್ತದೆ. ಆದರೆ ಕೋರ್ಟು ಮೂರರಲ್ಲೂ ಮೊದಲು ಕೇಳುವುದು ಒಂದೇ: ಆವತ್ತು ಸ್ವಾಧೀನ ಯಾರ ಕೈಯಲ್ಲಿತ್ತು, ಅದು ಹೇಗೆ ತಪ್ಪಿತು? ಮಾಲೀಕರು ಯಾರು ಅನ್ನುವುದು ಆಮೇಲಿನ ಮಾತು.

ಇದನ್ನು ಅರ್ಥ ಮಾಡಿಕೊಳ್ಳದೆ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಎಷ್ಟೋ ಜನ ತಮ್ಮದೇ ಜಮೀನಿಗಾಗಿ ಆರೋಪಿಗಳಾಗಿ ನಿಲ್ಲುತ್ತಾರೆ. ಪತ್ರ ನಿಮ್ಮ ಹೆಸರಲ್ಲಿರಬಹುದು, ಪಹಣಿಯೂ ಇರಬಹುದು. ಆದರೂ ಇನ್ನೊಬ್ಬರು ಅಲ್ಲಿ ನೆಲೆಯೂರಿದ ಮೇಲೆ ಜನ ಕಟ್ಟಿಕೊಂಡು ಹೋಗಿ ಬೇಲಿ ಕಿತ್ತರೆ ಕೇಸು ಬೀಳುವುದು ನಿಮ್ಮ ಮೇಲೆ. ಸುಪ್ರೀಂ ಕೋರ್ಟ್ 2004ರ ರಾಮೇಗೌಡ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ: ನೆಲೆಗೊಂಡ ಸ್ವಾಧೀನದಲ್ಲಿರುವವರನ್ನು ಮಾಲೀಕನೂ ಕಾನೂನು ಮೂಲಕವೇ ಬಿಡಿಸಬೇಕು. ಹೊಸದಾಗಿ ನುಗ್ಗುತ್ತಿರುವವರನ್ನು, ಅವರು ಇನ್ನೂ ತಳವೂರದಿರುವಾಗ, ಹದಮೀರದ ಬಲದಿಂದ ತಡೆಯಬಹುದು. ಹಾಗಾಗಿ ಮೊದಲ ಕೆಲವು ದಿನ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ಮುಂದಿನ ವರ್ಷಗಳು ನಿಂತಿರುತ್ತವೆ.

ಒತ್ತುವರಿ ಕಂಡ ದಿನ

ಕಡಿದ ಬದುವನ್ನು ಅಂದೇ ಮತ್ತೆ ಕಟ್ಟಲು ಹೋಗಬೇಡಿ. ಮೊದಲು ಫೋಟೋ ತೆಗೆಯಿರಿ. ಬರೀ ಮಣ್ಣಿನ ಫೋಟೋ ಯಾವ ಜಮೀನಿನದೆಂದು ಯಾರಿಗೂ ಗೊತ್ತಾಗುವುದಿಲ್ಲ. ಅಲುಗಾಡದ ಒಂದು ಗುರುತು ಚೌಕಟ್ಟಿನೊಳಗೆ ಇರಲಿ: ವಿದ್ಯುತ್ ಕಂಬ, ಬೋರ್‌ವೆಲ್ ಶೆಡ್ಡು, ಮೂಲೆಯ ಹುಣಸೆ ಮರ, ಉಳಿದಿರುವ ಬಾಂದು ಕಲ್ಲು (ಗಡಿ ಕಲ್ಲು). ಒಂದೇ ಜಾಗದಲ್ಲಿ ನಿಂತು ನಾಲ್ಕು ದಿಕ್ಕಿಗೂ ತೆಗೆಯಿರಿ. ಟ್ರ್ಯಾಕ್ಟರ್, ಜೆಸಿಬಿ ಬಂದಿದ್ದರೆ ನಂಬರ್ ಪ್ಲೇಟ್ ಕಾಣುವ ಹಾಗೆ ವಿಡಿಯೋ ಮಾಡಿ, ಮೂಲ ಫೈಲನ್ನು ಫೋನಿನಲ್ಲೇ ಉಳಿಸಿ. ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ದಿನಾಂಕದ ಮೂಲ ಮಾಹಿತಿ ಉಳಿಯುವುದಿಲ್ಲ.

ತೆಂಗು ಅಡಿಕೆ ಸೀಮೆಯಲ್ಲಿ ಮರಗಳೇ ಸಾಕ್ಷಿ. ವಿವಾದದ ಪಟ್ಟಿಯಲ್ಲಿ ನೀವು ಇಟ್ಟ 30 ವರ್ಷದ ತೆಂಗು ನಿಂತಿದ್ದರೆ ಅಲ್ಲಿ ಉಳುತ್ತಿದ್ದವರು ಯಾರೆಂದು ಅದು ಯಾವ ಸಾಕ್ಷಿದಾರನಿಗಿಂತ ಚೆನ್ನಾಗಿ ಹೇಳುತ್ತದೆ. ಮರಗಳನ್ನು ಎಣಿಸಿ, ಸುತ್ತಳತೆ ಬರೆದಿಡಿ. ಎದುರಿನವರ ಮರ ನಿಮ್ಮ ಗಡಿಯೊಳಗೆ ಹದಿನೈದು ವರ್ಷದಿಂದ ಫಸಲು ಕೊಡುತ್ತಿದ್ದರೆ ಅದೇ ಸಾಕ್ಷಿ ನಿಮ್ಮ ವಿರುದ್ಧ ನಿಲ್ಲುತ್ತದೆ. 1963ರ ಕಾಲಮಿತಿ ಕಾಯ್ದೆಯ 65ನೇ ಅನುಚ್ಛೇದದಂತೆ, ಇನ್ನೊಬ್ಬರು ನಿಮ್ಮ ಹಕ್ಕನ್ನು ಧಿಕ್ಕರಿಸಿ, ಎಲ್ಲರಿಗೂ ಕಾಣುವಂತೆ, ಎಡೆಬಿಡದೆ 12 ವರ್ಷ ಅನುಭವಿಸಿದರೆ ಜಮೀನು ಮರಳಿ ಕೇಳುವ ನಿಮ್ಮ ಹಕ್ಕೇ ಅಳಿಯುತ್ತದೆ. ‘ಅಣ್ಣತಮ್ಮಂದಿರ ನಡುವೆ ಎರಡು ಅಡಿಗೆ ಯಾಕೆ ಗಲಾಟೆ’ ಎಂದು ಬಿಟ್ಟವರು ಕಳೆದುಕೊಳ್ಳುವುದು ಹೀಗೆ. ಗಲಾಟೆ ಬೇಡ ಅನ್ನಿಸಿದರೆ ಒಂದು ಕಾಗದದಲ್ಲಿ ‘ಈ ಪಟ್ಟಿಯನ್ನು ನಿಮ್ಮ ಅನುಮತಿಯಿಂದ ಉಳುತ್ತಿದ್ದೇನೆ’ ಎಂದು ಅವರಿಂದ ಬರೆಸಿಕೊಳ್ಳಿ. ಅನುಮತಿಯ ಅನುಭವ ಎಷ್ಟು ವರ್ಷವಾದರೂ ಹಕ್ಕಾಗುವುದಿಲ್ಲ.

ಅಳತೆ: ಟಿಪ್ಪಣಿ ಓದಲು ಕಲಿಯಿರಿ

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದಲೂ ಭೂಮಾಪನ ಶಾಖೆಯಿಂದಲೂ ಇವುಗಳ ದೃಢೀಕೃತ ನಕಲು ತೆಗೆಸಿ: ಈಗಿನ ಪಹಣಿ, ಹಳೆಯ ಕೈಬರಹದ ಪಹಣಿಗಳು, ಆಕಾರ್ ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯದ ದಾಖಲೆ), ಮೂಲ ಟಿಪ್ಪಣಿ (ಅಳತೆಯ ನಕ್ಷೆ), ಹಿಸ್ಸಾ (ಉಪವಿಭಾಗದ) ಟಿಪ್ಪಣಿ ಇದ್ದರೆ ಅದು, ಗ್ರಾಮ ನಕಾಶೆ, ಮ್ಯುಟೇಶನ್ (ಖಾತೆ ಬದಲಾವಣೆ) ರಿಜಿಸ್ಟರಿನ ನಕಲು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ. ಪಹಣಿಯಲ್ಲಿ 9ನೇ ಕಾಲಂ ಖಾತೆದಾರರದು, 11 ಋಣ ಮತ್ತು ಇತರ ಹಕ್ಕುಗಳದು, 12 ಸಾಗುವಳಿಯದು. ಪಹಣಿ ಸ್ವತಃ ಹಕ್ಕುಪತ್ರ ಅಲ್ಲ. ಭೂಕಂದಾಯ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ ಅದರ ನಮೂದು, ತಪ್ಪೆಂದು ತೋರಿಸುವವರೆಗೆ, ಸರಿಯೆಂದು ಊಹಿಸಬೇಕು, ಅಷ್ಟೇ.

ಟಿಪ್ಪಣಿಯೇ ಗಡಿ ಜಗಳದ ತಾಯಿಬೇರು. ಅದರಲ್ಲಿ ಅಳತೆ ಮೀಟರಿನಲ್ಲಿರುವುದಿಲ್ಲ, ಸರಪಳಿ ಮತ್ತು ಆಣೆಯಲ್ಲಿರುತ್ತದೆ. ಒಂದು ಸರಪಳಿ 33 ಅಡಿ, ಅದರ ಹದಿನಾರನೇ ಒಂದು ಪಾಲು ಒಂದು ಆಣೆ, ಅಂದರೆ ಎರಡು ಅಡಿಗಿಂತ ಚೂರು ಹೆಚ್ಚು. ಸರಪಳಿ ಉದ್ದ, ಸರಪಳಿ ಅಗಲ ಸೇರಿದರೆ ಒಂದು ಗುಂಟೆ, 1,089 ಚದರ ಅಡಿ. 40 ಗುಂಟೆಗೆ ಎಕರೆ. ಈ ಲೆಕ್ಕ ತಿಳಿದರೆ ನಷ್ಟ ಕಣ್ಣಿಗೆ ಕಟ್ಟುತ್ತದೆ. ಹತ್ತು ಸರಪಳಿ ಉದ್ದದ ಬದುವನ್ನು ಒಂದೇ ಒಂದು ಆಣೆ ಸರಿಸಿದರೆ ಹೋದದ್ದು ಹತ್ತು ಆಣೆ ಜಮೀನು, ಅರ್ಧ ಗುಂಟೆಗಿಂತ ಜಾಸ್ತಿ, ಸುಮಾರು 680 ಚದರ ಅಡಿ. ವರ್ಷಕ್ಕೆ ಒಂದು ನೇಗಿಲ ಸಾಲು ಒಳಗೆ ಬಂದರೂ ಕೆಲವು ವರ್ಷಗಳಲ್ಲಿ ಈ ಲೆಕ್ಕ ಮುಟ್ಟುತ್ತದೆ.

ದಿಶಾಂಕ್ ಆ್ಯಪ್ ತೆರೆದು ‘ನೋಡಿ, ನಾನು ನಿಂತಿರುವುದು ನನ್ನ ಸರ್ವೆ ನಂಬರಿನಲ್ಲೇ’ ಎಂದು ವಾದಿಸುವುದರಲ್ಲಿ ಅರ್ಥವಿಲ್ಲ. ಯಾವ ಸರ್ವೆ ನಂಬರ್ ಎಂದು ತಿಳಿಯಲು ಅದು ಒಳ್ಳೆಯ ಸಾಧನ. ಅಡಿ ಲೆಕ್ಕದ ಗಡಿಗೆ ಅಲ್ಲ.

ಗಡಿ ಗುರುತಿಸಲು ಹದ್ದುಬಸ್ತು ಅರ್ಜಿ ಹಾಕಬೇಕು. ನಾಡಕಚೇರಿಯಲ್ಲಿ ಅಥವಾ ಭೂಮಾಪನ ಇಲಾಖೆಯ ಮೋಜಿಣಿ ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಶುಲ್ಕ ಕಟ್ಟಿ ಅರ್ಜಿ ಸಂಖ್ಯೆ ಪಡೆಯಿರಿ. ಲಗ್ತು (ಅಕ್ಕಪಕ್ಕದ) ಹಿಡುವಳಿದಾರರಿಗೆಲ್ಲ ನೋಟಿಸು ಹೋಗಿ, ನಿಗದಿಯಾದ ದಿನ ಭೂಮಾಪಕರು ಬಂದು ಅಳೆಯುತ್ತಾರೆ. ಈ ಕೆಲಸ ಕೆಡುವ ಜಾಗಗಳು ಹೆಚ್ಚುಕಡಿಮೆ ಇವೇ.

ಎಲ್ಲಕ್ಕಿಂತ ದೊಡ್ಡದು ಪೋಡಿ (ಪ್ರತಿ ಭಾಗಕ್ಕೂ ಪ್ರತ್ಯೇಕ ಅಳತೆ, ನಕ್ಷೆ) ಆಗದಿರುವುದು. ಸರ್ವೆ ನಂಬರ್ ಒಂದೇ, ಪಹಣಿಯಲ್ಲಿ ನಾಲ್ಕೈದು ಹೆಸರು, ಪ್ರತಿಯೊಂದಕ್ಕೂ ‘ಪೈಕಿ’ ಇಷ್ಟು ಗುಂಟೆ. ನಿಮ್ಮ ಭಾಗಕ್ಕೆ ಪ್ರತ್ಯೇಕ ಟಿಪ್ಪಣಿಯೇ ಇಲ್ಲದಿದ್ದರೆ ಭೂಮಾಪಕರು ಯಾವ ಗೆರೆಗೆ ಕಲ್ಲು ನೆಡಬೇಕು? ಅಂಥ ಕಡೆ ಹದ್ದುಬಸ್ತಿಗಿಂತ ಮೊದಲು ಪೋಡಿ ಮಾಡಿಸಿ. ಎರಡನೆಯದು ವಿಸ್ತೀರ್ಣದ ತಾಳೆ. ಆಕಾರ್ ಬಂದ್‌ಗೂ ಪಹಣಿಗೂ ಹೊಂದದಿದ್ದರೆ, ಅಥವಾ ನಾಲೆಗೋ ಹೆದ್ದಾರಿಗೋ ಹೋದ ಗುಂಟೆಗಳನ್ನು ಪಹಣಿಯಲ್ಲಿ ಕಳೆಯದೇ ಉಳಿಸಿದ್ದರೆ, ‘ಕಡಿಮೆ ಬಿದ್ದ’ ಜಮೀನನ್ನು ಪಕ್ಕದವರು ನುಂಗಿಲ್ಲ, ಅದು ಕಾಗದದಲ್ಲಿ ಮಾತ್ರ ಇದೆ. ಖರಾಬನ್ನೂ ನೋಡಿ. ‘ಎ’ ಖರಾಬು ಕೃಷಿಗೆ ಒಗ್ಗದ ನಿಮ್ಮದೇ ಭಾಗ. ‘ಬಿ’ ಖರಾಬು ದಾರಿ, ಹಳ್ಳ, ಕಟ್ಟೆಯಂಥ ಸಾರ್ವಜನಿಕ ಬಳಕೆಯದು, ಅದನ್ನು ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುವ ಹಾಗಿಲ್ಲ. ಮೂರನೆಯದು ನೋಟಿಸು: ಪಕ್ಕದವರಿಗೆ ನೋಟಿಸು ತಲುಪದೆ ಅಳೆದ ಹದ್ದುಬಸ್ತು ಮೇಲ್ಮನವಿಯಲ್ಲಿ ನಿಲ್ಲುವುದಿಲ್ಲ. ಅಳತೆಯ ದಿನ ಅವರ ಸಹಿ ತೆಗೆದುಕೊಳ್ಳಲಿ. ಸಹಿ ಹಾಕಲೊಪ್ಪದಿದ್ದರೆ ಆ ಮಾತನ್ನೇ ಮಹಜರಿನಲ್ಲಿ ಬರೆಯಲಿ.

ಭೂಮಾಪಕರು ಗಡಿ ತೋರಿಸುತ್ತಾರೆಯೇ ಹೊರತು ಒತ್ತುವರಿ ಬಿಡಿಸಿ ಕೊಡುವುದಿಲ್ಲ. ಇದನ್ನು ತಿಳಿಯದೆ ಹದ್ದುಬಸ್ತಿನ ಮರುದಿನವೇ ಕಲ್ಲಿನ ನೇರಕ್ಕೆ ಬೇಲಿ ಹಾಕಲು ಹೋಗಿ ಹೊಡೆದಾಟ ಆಗುತ್ತದೆ. ಸರ್ಕಾರಿ ಭೂಮಾಪಕರು ನೆಟ್ಟ ಕಲ್ಲನ್ನು ಎದುರಿನವರು ಕಿತ್ತರೆ ಅದು ಪ್ರತ್ಯೇಕ ಅಪರಾಧ. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 326ನೇ ಸೆಕ್ಷನ್‌ನಲ್ಲಿ ಅದಕ್ಕೆ ಒಂದು ವರ್ಷದವರೆಗೆ ಶಿಕ್ಷೆ ಇದೆ.

ಪೊಲೀಸ್ ದೂರು

‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಎಂಬ ಹಿಂಬರಹ ಸಿಗುವುದಕ್ಕೆ ಅರ್ಧ ಕಾರಣ ದೂರು ಬರೆಯುವ ರೀತಿ. 2024ರ ಜುಲೈ 1ರಿಂದ ಐಪಿಸಿಯ ಜಾಗಕ್ಕೆ ಬಂದ ಬಿಎನ್‌ಎಸ್‌ನ 329ನೇ ಸೆಕ್ಷನ್ ಕ್ರಿಮಿನಲ್ ಅತಿಕ್ರಮಣದ್ದು. ಶಿಕ್ಷೆ ಮೂರು ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಾಸದ ಮನೆಯೊಳಗೆ ನುಗ್ಗಿದರೆ ಒಂದು ವರ್ಷದವರೆಗೆ. ಆದರೆ ಬರೀ ಒಳಗೆ ಕಾಲಿಟ್ಟದ್ದು ಅಪರಾಧವಾಗುವುದಿಲ್ಲ. ಅಪರಾಧ ಮಾಡುವ, ಬೆದರಿಸುವ, ಅವಮಾನಿಸುವ ಅಥವಾ ಕಿರುಕುಳ ಕೊಡುವ ಉದ್ದೇಶ ಇರಬೇಕು. ದೂರಿನಲ್ಲಿ ಮೂರು ಪುಟ ವಂಶಾವಳಿ ಬರೆದು, ಆ ದಿನ ಏನು ನಡೆಯಿತೆಂಬುದನ್ನು ಒಂದೇ ಸಾಲಿನಲ್ಲಿ ಮುಗಿಸಿದರೆ ಓದುವ ಠಾಣಾಧಿಕಾರಿಗೆ ಕಾಣುವುದು ಪಾಲಿನ ಜಗಳ ಮಾತ್ರ.

ಹೀಗೆ ಬರೆಯಿರಿ: ‘ಇಂಥ ದಿನಾಂಕ ಬೆಳಿಗ್ಗೆ ಸುಮಾರು 7 ಗಂಟೆಗೆ, ಇಂಥವರು ಟ್ರ್ಯಾಕ್ಟರ್ ಸಮೇತ ನನ್ನ ಸ್ವಾಧೀನದಲ್ಲಿರುವ ಸರ್ವೆ ನಂಬರ್ ಇಷ್ಟರ ಪೂರ್ವದ ಬದು ದಾಟಿ ಬಂದು, ಬಾಂದು ಕಲ್ಲು ಕಿತ್ತು, ಐದು ತೆಂಗಿನ ಸಸಿ ಕಡಿದು, ತಡೆಯಲು ಹೋದ ನನಗೆ ಕೈಕಾಲು ಮುರಿಯುವುದಾಗಿ ಬೆದರಿಕೆ ಹಾಕಿದರು. ನೋಡಿದವರು ಇಂಥವರು.’ ನಡೆದದ್ದನ್ನು ಮಾತ್ರ ಬರೆಯಿರಿ. ಸೇರಿಸಿ ಬರೆದ ಒಂದು ಸುಳ್ಳು ಇಡೀ ದೂರನ್ನು ಕೆಡಿಸುತ್ತದೆ. ಸಸಿ ಕಡಿದದ್ದು ಅದೇ ಸಂಹಿತೆಯ ಸೆಕ್ಷನ್ 324, ಕಾಯಿ ಕಿತ್ತು ಒಯ್ದದ್ದು 303, ಬೆದರಿಕೆ 351. ಸ್ವೀಕೃತಿ ಪಡೆಯದೆ ಠಾಣೆಯಿಂದ ಹೊರಡಬೇಡಿ. ಠಾಣೆಯಲ್ಲಿ ದಾಖಲಿಸದಿದ್ದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173(4)ರಂತೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು ಅದಕ್ಕೆ ಹೊರತಾದವರು ನಿಮ್ಮ ಜಮೀನು ಅಕ್ರಮವಾಗಿ ಉಳುತ್ತಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯ 3(1)(ಎಫ್), (ಜಿ) ಅನ್ವಯಿಸುತ್ತವೆ. ಅದನ್ನು ದೂರಿನಲ್ಲೇ ಕಾಣಿಸಿ.

ಎರಡೂ ಕಡೆ ಜನ ಸೇರಿ ಶಾಂತಿಭಂಗದ ಹೊಸ್ತಿಲಿಗೆ ಬಂದಿದ್ದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 145ನೇ ಸೆಕ್ಷನ್ ಪ್ರಕ್ರಿಯೆ ಇದೆ, ಅದು ಈಗ ಬಿಎನ್‌ಎಸ್‌ಎಸ್ 164. ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಆ ದಿನ ಸ್ವಾಧೀನ ಯಾರದೆಂದು ಮಾತ್ರ ನೋಡುತ್ತಾರೆ. ಅದಕ್ಕೆ ಮುಂಚಿನ ಎರಡು ತಿಂಗಳೊಳಗೆ ಬಲವಂತವಾಗಿ ಹೊರದಬ್ಬಲಾಗಿದ್ದರೆ, ಹೊರದಬ್ಬಿಸಿಕೊಂಡವರನ್ನೇ ಸ್ವಾಧೀನದಾರರೆಂದು ಪರಿಗಣಿಸಬಹುದು. ಎರಡು ತಿಂಗಳು, ನೆನಪಿರಲಿ.

ದಾವೆ: ಏನು ಕೇಳುತ್ತೀರಿ ಅನ್ನುವುದೇ ಮುಖ್ಯ

ಜನ ಸೋಲುವುದು ಸಾಕ್ಷಿ ಇಲ್ಲದೆ ಮಾತ್ರ ಅಲ್ಲ, ತಪ್ಪು ಪರಿಹಾರ ಕೇಳಿ. ಶುಲ್ಕ ಕಡಿಮೆ ಎಂದು ಎಲ್ಲದಕ್ಕೂ ಬರೀ ಇಂಜಂಕ್ಷನ್ (ತಡೆಯಾಜ್ಞೆ) ದಾವೆ ಹಾಕುವ ರೂಢಿ ಇದೆ. ಸ್ವಾಧೀನ ಇನ್ನೂ ನಿಮ್ಮ ಕೈಯಲ್ಲಿದ್ದು ಎದುರಿನವರು ತೊಂದರೆ ಕೊಡುತ್ತಿದ್ದರೆ ಅದು ಸರಿ. ಪಟ್ಟಿಯನ್ನು ಅವರು ಆಗಲೇ ಬೇಲಿಯೊಳಗೆ ಹಾಕಿಕೊಂಡಿದ್ದರೆ ಸ್ವಾಧೀನ ಹೋಗಿದೆ, ತಡೆಯಲು ಏನೂ ಉಳಿದಿಲ್ಲ. ಆಗ ಸ್ವಾಧೀನ ವಾಪಸು ಕೊಡಿಸುವಂತೆಯೂ, ಗೋಡೆ ಬೇಲಿ ಇದ್ದರೆ ತೆರವಿಗೆ ಆದೇಶಾತ್ಮಕ ಇಂಜಂಕ್ಷನ್ ಎಂದೂ ಕೇಳಬೇಕು. ಎದುರಿನವರು ನಿಮ್ಮ ಹಕ್ಕನ್ನೇ ಗಟ್ಟಿಯಾದ ಆಧಾರದ ಮೇಲೆ ಪ್ರಶ್ನಿಸಿದ್ದರೆ ಹಕ್ಕು ಘೋಷಣೆಯನ್ನೂ ಸೇರಿಸಬೇಕು. ಸುಪ್ರೀಂ ಕೋರ್ಟ್ 2008ರ ಅನಾತುಲ ಸುಧಾಕರ್ ತೀರ್ಪಿನಲ್ಲಿ ಈ ಮೂರನ್ನೂ ಬೇರೆ ಮಾಡಿ ತೋರಿಸಿದೆ. ವಕೀಲರ ಹತ್ತಿರ ಮೊದಲ ದಿನವೇ ಈ ಪ್ರಶ್ನೆ ಎತ್ತಿ.

ಅರ್ಜಿಯ ಕೊನೆಯಲ್ಲಿ ಎರಡು ಷೆಡ್ಯೂಲ್ ಇರಲಿ. ‘ಎ’ನಲ್ಲಿ ಪೂರ್ತಿ ಆಸ್ತಿ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಸಮೇತ. ‘ಬಿ’ಯಲ್ಲಿ ಒತ್ತುವರಿಯಾದ ತುಂಡು ಮಾತ್ರ, ಉದ್ದಗಲ ಅಡಿಯಲ್ಲಿ ಬರೆದು, ಕೈನಕ್ಷೆಯಲ್ಲಿ ನಾಲ್ಕು ಮೂಲೆಗೂ ಅಕ್ಷರ ಹಾಕಿ. ‘ಪೂರ್ವಕ್ಕೆ ಸ್ವಲ್ಪ ಜಾಗ ಒತ್ತುವರಿಯಾಗಿದೆ’ ಎಂದು ಬರೆದ ದಾವೆಯಲ್ಲಿ ಡಿಕ್ರಿ ಬಂದರೂ ಜಾರಿ ಮಾಡಲು ಹೋದ ಅಮೀನರಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ. ಅಳತೆಯೇ ವಿವಾದವಾದರೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 26, ನಿಯಮ 9ರಡಿ ಭೂಮಾಪಕರನ್ನು ಕೋರ್ಟ್ ಕಮಿಷನರ್ ಆಗಿ ನೇಮಿಸಲು ಅರ್ಜಿ ಹಾಕಿಸಿ.

ಎದುರಿನವರಿಗೆ ನೋಟಿಸು ಹೋಗುವ ಮೊದಲೇ ತಾತ್ಕಾಲಿಕ ತಡೆ ಸಿಕ್ಕಿತೆಂದು ಮನೆಗೆ ಬಂದು ಮಲಗಬೇಡಿ. ಅಂದೇ ಅಥವಾ ಮರುದಿನ ಅರ್ಜಿ, ದಾವೆ, ದಾಖಲೆಗಳ ಪ್ರತಿಯನ್ನು ಎದುರಿನವರಿಗೆ ತಲುಪಿಸಿ ಅಥವಾ ಅಂಚೆಗೆ ಹಾಕಿ, ಹಾಗೆ ಮಾಡಿದ್ದಕ್ಕೆ ಪ್ರಮಾಣಪತ್ರ ಸಲ್ಲಿಸಬೇಕು. ಆದೇಶ 39, ನಿಯಮ 3ರ ಈ ಷರತ್ತು ತಪ್ಪಿದರೆ ಅದೊಂದೇ ಕಾರಣಕ್ಕೆ ತಡೆ ತೆರವಾಗಬಹುದು. ಮೊದಲೇ ಅವರು ಕೋರ್ಟಿಗೆ ಹೋಗಬಹುದೆಂಬ ಸಂಶಯವಿದ್ದರೆ ನೀವು ಕೇವಿಯೆಟ್ (ನನ್ನ ಮಾತು ಕೇಳದೆ ಆದೇಶ ಕೊಡಬೇಡಿ ಎಂಬ ಅರ್ಜಿ) ಹಾಕಿ. ಅದು 90 ದಿನ ಇರುತ್ತದೆ, ಆಮೇಲೆ ಹೊಸದು ಹಾಕಬೇಕು.

ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ದಾರಿ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್. ನಿಮ್ಮ ಒಪ್ಪಿಗೆ ಇಲ್ಲದೆ, ಕಾನೂನು ಕ್ರಮವಿಲ್ಲದೆ ನಿಮ್ಮನ್ನು ಹೊರಹಾಕಿದ್ದರೆ ಆರು ತಿಂಗಳೊಳಗೆ ಈ ದಾವೆ ಹಾಕಬಹುದು. ಇಲ್ಲಿ ಹಕ್ಕುಪತ್ರ ತೋರಿಸಬೇಕಿಲ್ಲ. ಸ್ವಾಧೀನ ಇತ್ತು, ಬಲವಂತದಿಂದ ತಪ್ಪಿಸಿದರು, ಇಷ್ಟು ಸಾಬೀತಾದರೆ ಸಾಕು. ಆದೇಶದ ಮೇಲೆ ಮೇಲ್ಮನವಿಯೂ ಇಲ್ಲ. ಸರ್ಕಾರದ ವಿರುದ್ಧ ಮಾತ್ರ ಇದು ನಡೆಯುವುದಿಲ್ಲ. ಬಾಡಿಗೆದಾರರಿಗೆ ಮಾಲೀಕರ ವಿರುದ್ಧವೂ ಇದೇ ಸೆಕ್ಷನ್ ಕೈಗೆ ಬರುತ್ತದೆ.

ಒತ್ತುವರಿಯಾದದ್ದು ಕೆರೆ, ರಾಜಕಾಲುವೆ, ಗೋಮಾಳ, ನಕಾಶೆ ದಾರಿಯಾದರೆ ಖಾಸಗಿ ದಾವೆಯ ಗೋಜು ಬೇಡ. ಗ್ರಾಮ ನಕಾಶೆಯ ನಕಲು ಲಗತ್ತಿಸಿ ತಹಶೀಲ್ದಾರರಿಗೆ ಅರ್ಜಿ ಕೊಡಿ. ಭೂಕಂದಾಯ ಕಾಯ್ದೆಯ 104 ತೆರವಿನ ಅಧಿಕಾರ, 192-ಎ ಶಿಕ್ಷೆ. ಖಾಸಗಿ ಜಮೀನಿನ ಮೂಲಕ ಹೋಗುವ ರೂಢಿ ದಾರಿಯ ವಿಷಯ ಬೇರೆ. 20 ವರ್ಷ ಶಾಂತವಾಗಿ, ಬಹಿರಂಗವಾಗಿ, ಹಕ್ಕೆಂದು ಓಡಾಡಿದ್ದರೆ 1882ರ ಈಸ್‌ಮೆಂಟ್ ಕಾಯ್ದೆಯಂತೆ ಸಿವಿಲ್ ಕೋರ್ಟಿನಲ್ಲಿ ಅದನ್ನು ಸ್ಥಾಪಿಸಿಕೊಳ್ಳಬೇಕು.

ಮನೆ, ಅಂಗಡಿ ಬಾಡಿಗೆಗೆ ಕೊಟ್ಟವರಿಗೆ

‘ಹನ್ನೆರಡು ವರ್ಷ ಇದ್ದರೆ ಮನೆ ಅವರದೇ ಆಗಿಬಿಡುತ್ತಂತೆ’ ಎಂಬ ಭಯ ಕ್ಯಾತ್ಸಂದ್ರದಿಂದ ಶಿರಾ ಗೇಟ್‌ವರೆಗೆ ಪ್ರತಿ ಮನೆ ಮಾಲೀಕರಲ್ಲೂ ಇದೆ. ಹಾಗಾಗುವುದಿಲ್ಲ. ಬಾಡಿಗೆದಾರರು ಒಳಗೆ ಬಂದದ್ದು ನಿಮ್ಮ ಅನುಮತಿಯಿಂದ, ಬಾಡಿಗೆ ಹಿಡುವಳಿ ಇರುವಷ್ಟು ಕಾಲ ಅದು ವಿರುದ್ಧ ಸ್ವಾಧೀನವಾಗುವುದಿಲ್ಲ. ಹಿಡುವಳಿ ನಡೆಯುತ್ತಿರುವಾಗ ‘ಈ ಮನೆ ಇವರದಲ್ಲ’ ಎಂದು ಬಾಡಿಗೆದಾರರು ವಾದಿಸಲೂ ಬರುವುದಿಲ್ಲ. ಅಪಾಯ ಇರುವುದು ಬೇರೆ ಕಡೆ: ಕರಾರಿಲ್ಲದೆ, ಬಾಡಿಗೆ ನಗದಾಗಿ ಪಡೆದು, ಬಾಡಿಗೆ ಇತ್ತೆಂಬುದಕ್ಕೇ ಕುರುಹು ಉಳಿಸದಿರುವುದರಲ್ಲಿ. ಹಿಡುವಳಿ ಕೊನೆಗೊಂಡ ದಿನದಿಂದ 12 ವರ್ಷದೊಳಗೆ ಸ್ವಾಧೀನದ ದಾವೆ ಹಾಕಬೇಕೆಂಬ ಮಿತಿಯೂ ಇದೆ. ತೋಟದ ಮನೆಗೆ ಕಾವಲಿಗಿಟ್ಟವರ ಸ್ವಾಧೀನವೂ ಮಾಲೀಕರದೇ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಂಬಳ ಬ್ಯಾಂಕ್ ಮೂಲಕ ಕೊಟ್ಟಿದ್ದರೆ ಅದೇ ಪುರಾವೆ.

ಎಲ್ಲರೂ 11 ತಿಂಗಳ ಕರಾರು ಯಾಕೆ ಮಾಡುತ್ತಾರೆ? ಒಂದು ವರ್ಷ ಮೀರಿದ ಅಥವಾ ವರ್ಷದಿಂದ ವರ್ಷಕ್ಕೆಂದು ಮಾಡಿದ ಕರಾರು ನೋಂದಣಿಯಾಗಬೇಕು. ನೋಂದಾಯಿಸದ ಮೂರು ವರ್ಷದ ಕರಾರನ್ನು ತಂದರೆ ಅದರ ಅವಧಿ, ಬಾಡಿಗೆ ಏರಿಕೆಯ ಷರತ್ತುಗಳನ್ನು ಕೋರ್ಟು ಓದಿಕೊಳ್ಳುವುದಿಲ್ಲ, ತಿಂಗಳ ಬಾಡಿಗೆ ಎಂದಷ್ಟೇ ನೋಡುತ್ತದೆ. ಛಾಪಾ ಕಾಗದ ಕಡಿಮೆಯಿದ್ದರೆ ಕೊರತೆಯ ಜೊತೆ ಅದರ ಹತ್ತು ಪಟ್ಟು ದಂಡ. ಕರಾರಿನಲ್ಲಿ ಮೀಟರ್ ರೀಡಿಂಗ್, ಫ್ಯಾನು ಗೀಸರುಗಳ ಪಟ್ಟಿ, ಅಡ್ವಾನ್ಸಿನಿಂದ ಬಣ್ಣಕ್ಕೆ ಎಷ್ಟು ಹಿಡಿಯಬಹುದೆಂಬುದು ಸ್ಪಷ್ಟವಾಗಿರಲಿ. ಅಡ್ವಾನ್ಸ್ ವಾಪಸಾತಿಯ ಜಗಳ ಹುಟ್ಟುವುದು ಹೆಚ್ಚಾಗಿ ಈ ಬಣ್ಣದ ದುಡ್ಡಿನಲ್ಲೇ.

ಖಾಲಿ ಮಾಡಿಸುವ ಮೊದಲು ಯಾವ ಕಾಯ್ದೆ ಎಂದು ನೋಡಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಪ್ರದೇಶಕ್ಕೆ ತಕ್ಕಂತೆ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ವಾಸದ ಮನೆಗೂ, 14 ಚದರ ಮೀಟರ್ ಮೀರಿದ ಅಂಗಡಿಗೂ ಅನ್ವಯಿಸುವುದಿಲ್ಲ. ಇವತ್ತಿನ ಬಾಡಿಗೆಯಲ್ಲಿ ತುಮಕೂರಿನ ಮನೆಗಳು ಬಹುತೇಕ ಅದರಾಚೆ, 1882ರ ಆಸ್ತಿ ವರ್ಗಾವಣೆ ಕಾಯ್ದೆಯಡಿ ಬರುತ್ತವೆ. ಅದರ 106ನೇ ಸೆಕ್ಷನ್ ಪ್ರಕಾರ ತಿಂಗಳ ಬಾಡಿಗೆಗೆ 15 ದಿನದ ನೋಟಿಸು. ಹಳೆಯ ಸಣ್ಣ ಬಾಡಿಗೆಯ ಮಳಿಗೆಯಾದರೆ ಬಾಡಿಗೆ ಕಾಯ್ದೆಯ 27ನೇ ಸೆಕ್ಷನ್ ಹೇಳುವ ಕಾರಣಗಳಲ್ಲಿ ಒಂದನ್ನು ಸಾಬೀತು ಮಾಡಬೇಕಾಗಬಹುದು.

ನೋಟಿಸಿನ ತಿರುಳು ಚಿಕ್ಕದು: ‘ತಾವು ತಿಂಗಳಿಗೆ ಇಷ್ಟು ಬಾಡಿಗೆಗೆ ಹಿಡಿದಿರುವ ಈ ಕೆಳಗಿನ ಆಸ್ತಿಯ ಹಿಡುವಳಿಯನ್ನು, ಈ ನೋಟಿಸು ತಮಗೆ ತಲುಪಿದ ದಿನದಿಂದ 15 ದಿನ ಮುಗಿಯುತ್ತಲೇ ಕೊನೆಗೊಳಿಸಿದ್ದೇನೆ. ಅಷ್ಟರೊಳಗೆ ಖಾಲಿ ಸ್ವಾಧೀನ ಒಪ್ಪಿಸತಕ್ಕದ್ದು. ತಪ್ಪಿದರೆ ದಾವೆ ಹೂಡಿ ಸ್ವಾಧೀನವನ್ನೂ ಅಕ್ರಮ ಬಳಕೆಯ ನಷ್ಟವನ್ನೂ ವಸೂಲು ಮಾಡಲಾಗುವುದು.’ ‘ಕೊನೆಗೊಳಿಸಿದ್ದೇನೆ’ ಅನ್ನುವ ಮಾತು ಇರಲೇಬೇಕು. ಬಾಡಿಗೆ ಬಾಕಿ ಕೊಡಿ, ಇಲ್ಲವೇ ಬಿಡಿ ಎಂದು ಬರೆದದ್ದು ಕೊನೆಗೊಳಿಸುವ ನೋಟಿಸಲ್ಲ. ಅಂಚೆಯಲ್ಲಿ ಕಳಿಸಿ, ರಸೀದಿ ಮತ್ತು ತಲುಪಿದ ದಾಖಲೆ ಇಟ್ಟುಕೊಳ್ಳಿ. ನೋಟಿಸಿನ ನಂತರ ಹಣ ಬಂದರೆ ‘ಬಾಡಿಗೆ’ ಎಂದು ರಸೀದಿ ಬರೆಯಬೇಡಿ, ‘ಬಳಕೆಯ ನಷ್ಟಭರ್ತಿಗೆ, ನನ್ನ ಹಕ್ಕುಗಳಿಗೆ ಬಾಧೆಯಿಲ್ಲದೆ’ ಎಂದು ಬರೆಯಿರಿ. ನೋಟಿಸನ್ನು ನೀವೇ ಬಿಟ್ಟುಕೊಟ್ಟಿರಿ ಎಂಬ ವಾದ ಬರುವುದು ಆ ರಸೀದಿಯಿಂದ.

ಇನ್ನು ನೀರು ನಿಲ್ಲಿಸುವುದು, ಬೆಸ್ಕಾಂ ಫ್ಯೂಸ್ ಕೀಳುವುದು, ಸಾಮಾನು ಹೊರಗಿಡುವುದು ಬೇಡವೇ ಬೇಡ. ಅದು ಅನ್ಯಾಯ. ಮಕ್ಕಳಿರುವ ಮನೆಗೆ ನೀರು ನಿಲ್ಲಿಸುವುದಕ್ಕೆ ಯಾವ ಬಾಕಿಯೂ ಸಮರ್ಥನೆಯಾಗುವುದಿಲ್ಲ. ಗೆಲ್ಲುವ ಮೊಕದ್ದಮೆಯನ್ನು ಸೋಲಿಸಿಕೊಳ್ಳುವ ದಾರಿಯೂ ಅದೇ.

ಬಾಡಿಗೆಗೆ ಇರುವವರಿಗೆ

ವಸಂತನರಸಾಪುರದ ಕಾರ್ಖಾನೆಗಳಿಗೆ ಬರುವವರು, ಕಾಲೇಜು ಮಕ್ಕಳು, ಕೊಠಡಿ ಹಿಡಿಯುವ ದಿನವೇ ಇಷ್ಟು ಮಾಡಿ: ಗೋಡೆ, ನೆಲ, ನಲ್ಲಿಯ ಫೋಟೋ, ಅಡ್ವಾನ್ಸ್ ಬ್ಯಾಂಕ್ ಮೂಲಕ, ಕರಾರಿನ ಒಂದು ಪ್ರತಿ ನಿಮ್ಮ ಹತ್ತಿರ. ಮಾಲೀಕರು ಬಾಡಿಗೆ ಬೇಡವೆಂದು ತಿರಸ್ಕರಿಸಿದರೆ, ಬಾಕಿದಾರರೆಂದು ತೋರಿಸುವ ತಯಾರಿ ಅದಾಗಿರಬಹುದು. ಖಾತೆಗೆ ಹಾಕಿ, ಇಲ್ಲವೇ ಮನಿಯಾರ್ಡರ್ ಮಾಡಿ, ತಿರಸ್ಕರಿಸಿ ಬಂದ ರಸೀದಿ ಎತ್ತಿಡಿ. ಛಾವಣಿ ಸೋರುತ್ತಿದ್ದು, ಮಾಲೀಕರು ಒಪ್ಪಿಕೊಂಡಿದ್ದ ರಿಪೇರಿಯನ್ನು ನೋಟಿಸಿನ ನಂತರವೂ ಮಾಡದಿದ್ದರೆ, ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್‌ನಂತೆ ನೀವೇ ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದು. ಬಿಲ್ಲು ಇರಲಿ. ಬೀಗ ಬದಲಾಯಿಸಿದ್ದರೆ 112ಕ್ಕೆ ಕರೆ, ಫೋಟೋ, ದೂರು, ಆಮೇಲೆ ಮೇಲೆ ಹೇಳಿದ 6ನೇ ಸೆಕ್ಷನ್ ದಾವೆ.

ನಿಮ್ಮ ಕರ್ತವ್ಯವೂ ಒಂದಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. ನೀವಿರುವ ಆಸ್ತಿಗೆ ಪಕ್ಕದವರು ಒತ್ತುವರಿ ಮಾಡುವುದು ತಿಳಿದರೆ ಮಾಲೀಕರಿಗೆ ತಕ್ಕ ವೇಗದಲ್ಲಿ ತಿಳಿಸಬೇಕು. ದೂರದಲ್ಲಿರುವ ಮಾಲೀಕರ ಆಸ್ತಿ ಉಳಿದಿರುವುದು ಎಷ್ಟೋ ಕಡೆ ಒಳ್ಳೆಯ ಬಾಡಿಗೆದಾರರಿಂದ.

ಭೋಗ್ಯಕ್ಕೆ ಮನೆ ಹಿಡಿಯುವವರು ಇನ್ನಷ್ಟು ಎಚ್ಚರ ವಹಿಸಬೇಕು. ಲಕ್ಷಗಟ್ಟಲೆ ಹಣ ಒಮ್ಮೆಗೇ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವ ಈ ಏರ್ಪಾಟನ್ನು ‘ಲೀಸ್’ ಎಂದು ಕರೆದರೂ ಸ್ವರೂಪದಲ್ಲಿ ಅದು ಸ್ವಾಧೀನದ ಅಡಮಾನ, ನೋಂದಣಿಯಾಗಬೇಕಾದದ್ದು. ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡು ಹಣ ಕೊಟ್ಟವರು, ಅದೇ ಮನೆಯ ಮೇಲೆ ಮೊದಲೇ ಸಾಲ ಕೊಟ್ಟ ಬ್ಯಾಂಕು ಜಪ್ತಿಗೆ ಬಂದಾಗ ಬರಿಗೈಯಾಗುತ್ತಾರೆ. ಹಣ ಕೊಡುವ ಮೊದಲು ಇ.ಸಿ. ತೆಗೆಸಿ. ಅದರಲ್ಲಿ ಕಾಣದ ಸಾಲವೂ ಇರಬಹುದಾದ್ದರಿಂದ ಮೂಲ ಕ್ರಯಪತ್ರವನ್ನೇ ತೋರಿಸಲು ಹೇಳಿ. ಮೂಲಪತ್ರ ಮನೆಯಲ್ಲಿಲ್ಲ ಅಂದರೆ ಬ್ಯಾಂಕಿನಲ್ಲಿದೆ ಎಂದೇ ತಿಳಿಯಿರಿ.

ವಾರಕ್ಕೆ (ಬೆಳೆಯ ಪಾಲಿಗೆ) ಕೊಟ್ಟ ಜಮೀನು

1974ರ ಮಾರ್ಚ್ 1ರಂದು ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು, ಉಳುತ್ತಿದ್ದವರು ನಮೂನೆ 7 ಸಲ್ಲಿಸಿ ಹಕ್ಕು ಪಡೆದರು. ಆಮೇಲೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನೇ ಭೂಸುಧಾರಣಾ ಕಾಯ್ದೆಯ 5ನೇ ಸೆಕ್ಷನ್ ನಿಷೇಧಿಸಿದೆ. ಯೋಧರಂಥ ಕೆಲವರಿಗೆ ಮಾತ್ರ ವಿನಾಯಿತಿ. ಹಾಗಿದ್ದೂ ಬಾಯಿಮಾತಿನ ವಾರ ಎಲ್ಲ ಕಡೆ ನಡೆದಿದೆ, ಮತ್ತು ಅದರಲ್ಲಿ ಹೆಚ್ಚು ಕಷ್ಟಕ್ಕೆ ಸಿಗುವವರು ಬೆವರು ಸುರಿಸುವವರು. ಬೆಳೆ ನಷ್ಟದ ಪರಿಹಾರ ಪಹಣಿದಾರರ ಖಾತೆಗೆ ಹೋಗುತ್ತದೆ, ಬೀಜ ಗೊಬ್ಬರಕ್ಕೆ ಸಾಲ ಮಾಡಿದವರಿಗಲ್ಲ. ಕರಾರು ಬರೆದರೂ ಕೋರ್ಟಿನಲ್ಲಿ ಅದಕ್ಕೆ ಬಲವಿಲ್ಲ. ಜಮೀನಿನವರು ಕನಿಷ್ಠ ಇಷ್ಟು ಮಾಡಬೇಕು: ಪರಿಹಾರ ಬಂದರೆ ಹೇಗೆ ಹಂಚಿಕೊಳ್ಳುವುದೆಂದು ಬಿತ್ತನೆಗೆ ಮೊದಲೇ ನಾಲ್ಕು ಜನರ ಮುಂದೆ ಮಾತಾಡಿಕೊಳ್ಳಬೇಕು. ನಿಂತ ಬೆಳೆಯ ಮೇಲೆ ಟ್ರ್ಯಾಕ್ಟರ್ ಹಾಯಿಸಬಾರದು. ಮಾತು ಮುರಿದರೂ ಕೊಯ್ಲಿನವರೆಗೆ ಕಾಯಬೇಕು. ಪಾವಗಡದ ಸೋಲಾರ್ ಪಾರ್ಕಿಗೆ ರೈತರು ಜಮೀನು ಮಾರದೆ ಗುತ್ತಿಗೆಗೆ ಕೊಟ್ಟದ್ದನ್ನು ಇದಕ್ಕೆ ಹೋಲಿಸಬೇಡಿ, ಅದು ಕೃಷಿ ಗೇಣಿಯಲ್ಲ.

ರಾಜಿ ಮತ್ತು ಉಚಿತ ನೆರವು

ವಕೀಲರ ಶುಲ್ಕ ಭಾರವಾದರೆ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ.

ಗಡಿ ಜಗಳಕ್ಕೆ ಲೋಕ ಅದಾಲತ್ ರಾಜಿ ನಿಜಕ್ಕೂ ಒಳ್ಳೆಯದು, ದಾವೆಗೆ ಕಟ್ಟಿದ ಶುಲ್ಕವೂ ವಾಪಸು ಬರುತ್ತದೆ. ಆದರೆ ಅಲ್ಲಿನ ತೀರ್ಪಿನ ಮೇಲೆ ಅಪೀಲು ಇಲ್ಲ. ಹಾಗಾಗಿ ರಾಜಿ ಅರ್ಜಿಗೆ ಭೂಮಾಪಕರ ನಕ್ಷೆ ಲಗತ್ತಾಗಿದೆಯೇ, ಗೆರೆ ಯಾವ ಕಲ್ಲಿನಿಂದ ಯಾವ ಕಲ್ಲಿಗೆ ಎಂದು ಬರೆದಿದೆಯೇ, ಬೇಲಿ ತೆಗೆಯಲು ಕೊನೆಯ ದಿನಾಂಕ ಇದೆಯೇ, ಪಾಲುದಾರರಾದ ಅಕ್ಕತಂಗಿಯರೂ ಸಹಿ ಹಾಕಿದ್ದಾರೆಯೇ ಎಂದು ಓದಿಸಿ ಕೇಳಿಕೊಂಡ ಮೇಲೆಯೇ ಸಹಿ ಮಾಡಿ. ಅಕ್ಕತಂಗಿಯರ ಸಹಿ ಬಿಟ್ಟುಹೋದ ರಾಜಿಯ ಮೇಲೆ ಮುಂದೆ ಅವರೇ ಪಾಲಿನ ದಾವೆ ತಂದರೆ ಗಡಿಯ ಪ್ರಶ್ನೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.